ಕಾಗದದ ಮೇಲಿನ ಮಾಲೀಕ

(ಪಕ್ಷದ ಜಿಲ್ಲಾ ಅಭ್ಯಾಸ ಶಿಬಿರದಲ್ಲಿ ಮಾಡಿದ ಭಾಷಣ)



ಇಂದು ನನಗೆ ಕೊಟ್ಟಿರುವ ವಿಷಯ ಪರದೇಶದ್ದು. ಇಂಗ್ಲೆಂಡಿನಲ್ಲಿ ಸ್ವಂತ ಕಂಪನಿ ತೆರೆದು, ಯಾರ ನೌಕರನೂ ಆಗದೆ, ಸಲಹೆಗಾರನಾಗಿ ದುಡಿಯುವವರ ಸಂಗತಿ. ಗಿರಣಿಯ ಭೋಂಗಾ ಕೇಳಿ ಏಳುವವರಿಗೆ, ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವವರಿಗೆ ಇದರಿಂದೇನು ಎಂದು ನೀವು ಕೇಳಬಹುದು. ಎರಡು ಕಾರಣಗಳಿವೆ. ನಮ್ಮ ಓಣಿಗಳ ಮಕ್ಕಳೂ ಈಗ ಎಂಜಿನಿಯರಿಂಗ್ ಓದಿ ಬೆಂಗಳೂರಿಗೆ, ಅಲ್ಲಿಂದ ಲಂಡನ್ನಿಗೆ ಹೋಗುತ್ತಿದ್ದಾರೆ. "ನಮ್ಮ ಹುಡುಗ ಅಲ್ಲಿ ಕಂಪನಿಯ ಡೈರೆಕ್ಟರು" ಎಂದು ತಂದೆತಾಯಿಗಳು ಹಿಗ್ಗುತ್ತಾರೆ. ಇದು ಮೊದಲನೆಯದು. ಇನ್ನೊಂದು, ಅಲ್ಲಿ ಓದಿದವರ ಮೇಲೆ ನಡೆದ ಉಪಾಯವೇ ಇಲ್ಲಿ ಓದದವರ ಮೇಲೂ ನಡೆಯುತ್ತಿದೆ. ಆದುದರಿಂದ ಇದನ್ನು ಬುಡದಿಂದ ತಿಳಿಯಬೇಕು.

ಕಂಪನಿ ಎಂದರೆ ಯಾರು?

ಲಂಡನ್ನಿನಲ್ಲಿ ಸಾಲೊಮನ್ ಎಂಬ ಬೂಟು ತಯಾರಕನಿದ್ದ. ತನ್ನ ವ್ಯಾಪಾರವನ್ನು 1892ರಲ್ಲಿ ಒಂದು ಕಂಪನಿ ಮಾಡಿದ. ಒಟ್ಟು 20,007 ಷೇರುಗಳಲ್ಲಿ 20,001 ಅವನವೇ. ಉಳಿದ ಆರು ಹೆಂಡತಿ, ಮಗಳು, ನಾಲ್ವರು ಗಂಡುಮಕ್ಕಳ ಹೆಸರಿನಲ್ಲಿ. ಕಂಪನಿ ಮುಳುಗಿತು. ಸಾಲಗಾರರ ಪರವಾಗಿ ಅವನ ಮೇಲೆ ದಾವೆ ನಡೆಯಿತು. 1896ರಲ್ಲಿ ಇಂಗ್ಲೆಂಡಿನ ಶ್ರೇಷ್ಠ ನ್ಯಾಯಪೀಠ ಹೇಳಿದ್ದೇನು? ಸಾಲೊಮನ್ ಬೇರೆ, ಅವನ ಕಂಪನಿ ಬೇರೆ; ಕಂಪನಿಯ ಸಾಲ ಅವನ ಮೈಮೇಲೆ ಬಾರದು ಎಂದಿತು. ಅಂದಿನಿಂದ ಕಂಪನಿ ಎಂಬುದು ಕಾಯಿದೆಯ ಕಣ್ಣಿನಲ್ಲಿ ಬೇರೊಬ್ಬ ಮನುಷ್ಯ. ಸಣ್ಣ ವ್ಯಾಪಾರಿಗೆ ಇದು ಒಂದು ರಕ್ಷಣೆ ಎಂಬುದನ್ನು ನಾವು ಅಲ್ಲಗಳೆಯಬಾರದು.

ಆದರೆ ಕೊಡೆ ಯಾರ ತಲೆಯ ಮೇಲಿದೆ ಎಂಬುದನ್ನು ನೋಡಬೇಕು. ಇಂದು ಇಂಗ್ಲೆಂಡಿನಲ್ಲಿ ಒಬ್ಬನೇ ಒಬ್ಬ ಕಂಪನಿ ಮಾಡಬಹುದು. ದೊಡ್ಡ ಬ್ಯಾಂಕೊಂದಕ್ಕೆ ಕಂಪ್ಯೂಟರ್ ಕೆಲಸಗಾರ ಬೇಕೆಂದುಕೊಳ್ಳಿ. ನೌಕರನಾಗಿ ತೆಗೆದುಕೊಂಡರೆ ವರ್ಷಕ್ಕೆ 28 ದಿನ ಸಂಬಳದ ರಜೆ, ಕಾಯಿಲೆಯ ಭತ್ಯ, ಪಿಂಚಣಿಯ ಪಾಲು ಕೊಡಬೇಕು. ವರ್ಷಗಟ್ಟಲೆ ದುಡಿಸಿ ಕೆಲಸದಿಂದ ತೆಗೆದರೆ ಪರಿಹಾರವನ್ನೂ ಕೊಡಬೇಕು. ಅದರ ಮೇಲೆ ಮಾಲೀಕನ ರಾಷ್ಟ್ರೀಯ ವಿಮೆಯ ವಂತಿಗೆ ಇದೆ. 2025ರ ಏಪ್ರಿಲಿನಿಂದ ಅದು ಒಂದು ಮಿತಿಯ ಮೇಲಿನ ಸಂಬಳಕ್ಕೆ ನೂರಕ್ಕೆ 15. "ನೀನು ನೌಕರನಾಗಬೇಡ, ಕಂಪನಿಯಾಗಿ ಬಾ" ಎಂದುಬಿಟ್ಟರೆ ಇವೆಲ್ಲ ತಪ್ಪಿದವು! ಕೆಲಸ ಅದೇ, ಮೇಜು ಅದೇ, ಮೇಲಧಿಕಾರಿಯೂ ಅವನೇ. ಕಾಗದ ಮಾತ್ರ ಬೇರೆ.

ಕೆಲಸಗಾರನಿಗೂ ಒಂದು ಲಾಭ ಕಂಡಿತು. ತನ್ನ ಕಂಪನಿಯಿಂದ ತಾನೇ ಸ್ವಲ್ಪ ಸಂಬಳ ತೆಗೆದುಕೊಂಡು, ಉಳಿದದ್ದನ್ನು ಲಾಭಾಂಶವೆಂದು ಪಡೆದರೆ ಲಾಭಾಂಶಕ್ಕೆ ವಿಮೆಯ ವಂತಿಗೆ ಇಲ್ಲ. ದಿನಗೂಲಿಯ ದರವೂ ನೌಕರನಿಗಿಂತ ಹೆಚ್ಚು. ಹೀಗೆ ಇಬ್ಬರೂ ಒಪ್ಪಿದರು.

ಲೆಕ್ಕ ಹಾಕಿ ನೋಡೋಣ

ವ್ಯಾಪಾರಿಗಳಾದ ನೀವು ಲೆಕ್ಕ ಬಲ್ಲಿರಿ. ದಿನಕ್ಕೆ 400 ಪೌಂಡು ಎಂದು ಇಟ್ಟುಕೊಳ್ಳೋಣ. ಶನಿವಾರ ಭಾನುವಾರ ಬಿಟ್ಟು ವರ್ಷಕ್ಕೆ 260 ದಿನ ದುಡಿದರೆ 1,04,000 ಪೌಂಡು. ಊರಿಗೆ ಪತ್ರ ಬರೆಯುವಾಗ ಹುಡುಗ ಈ ಅಂಕಿಯನ್ನೇ ಬರೆಯುತ್ತಾನೆ. ನೌಕರನಿಗೆ ಸಿಗುವ 28 ದಿನದ ರಜೆಯನ್ನು ಇವನೂ ತೆಗೆದುಕೊಂಡರೆ ಉಳಿದದ್ದು 232 ದಿನ, 92,800 ಪೌಂಡು. ಒಂದು ಕರಾರು ಮುಗಿದು ಇನ್ನೊಂದು ಸಿಗುವ ತನಕ 40 ದಿನ ಖಾಲಿ ಕುಳಿತರೆ 76,800. ಇದರಲ್ಲಿ ಕಂಪನಿಯ ತೆರಿಗೆ, ಲೆಕ್ಕಿಗನ ಫೀಜು, ಹೊಣೆಗಾರಿಕೆಯ ವಿಮೆ, ಮುಪ್ಪಿನ ಕಾಲದ ಉಳಿತಾಯ ಎಲ್ಲವನ್ನೂ ತಾನೇ ಕಳೆಯಬೇಕು. ಗಿರಣಿಯ ಬದಲಿ ಕಾರ್ಮಿಕ ಗೇಟಿನಲ್ಲಿ ನಿಂತು "ಇಂದು ಕೆಲಸವಿದೆಯೇ" ಎಂದು ಕೇಳುತ್ತಾನೆ. ಈತ ಕೋಟು ಹಾಕಿಕೊಂಡು ಅದನ್ನೇ ಕೇಳುತ್ತಾನೆ.

ಸರ್ಕಾರ ಬಂದದ್ದು ಹೇಗೆ?

ಬೊಕ್ಕಸಕ್ಕೆ ನಷ್ಟವಾಯಿತೆಂದು ಇಂಗ್ಲೆಂಡಿನ ಸರ್ಕಾರ 1999ರ ಮಾರ್ಚಿನಲ್ಲಿ ಒಂದು ಪ್ರಕಟಣೆ ಹೊರಡಿಸಿತು. ಅದರ ಸಂಖ್ಯೆ ಐ.ಆರ್. 35. ಕಾಯಿದೆಗೂ ಅದೇ ಹೆಸರು ಅಂಟಿತು. 2000ದ ಏಪ್ರಿಲಿನಲ್ಲಿ ಜಾರಿಗೆ ಬಂತು. ಅದರ ತಿರುಳು ಇಷ್ಟೆ: ನಡುವಿನ ಕಂಪನಿಯನ್ನು ತೆಗೆದುಹಾಕಿ ನೋಡಿದರೆ ಈತ ನೌಕರನಂತೆಯೇ ಕಾಣುತ್ತಾನೆಯೇ? ಹೌದಾದರೆ ನೌಕರನ ತೆರಿಗೆಯನ್ನೇ ಕಟ್ಟಲಿ. ಅದನ್ನು ಅಳೆಯಲು ಹಳೆಯ ತೀರ್ಪುಗಳಿದ್ದವು. ಕೆಲಸ ಹೇಗೆ ಮಾಡಬೇಕೆಂದು ಹೇಳುವವರು ಯಾರು? ತನಗೆ ಬದಲಾಗಿ ಬೇರೊಬ್ಬನನ್ನು ಕಳಿಸಬಹುದೇ? ಕೆಲಸ ಕೊಡಲೇಬೇಕು, ಮಾಡಲೇಬೇಕು ಎಂಬ ಕಟ್ಟುಪಾಡು ಉಂಟೇ?

ಪ್ರಶ್ನೆಗಳು ಸರಿಯಾಗಿಯೇ ಇವೆ. ಆದರೆ ಅನ್ಯಾಯ ಎಲ್ಲಿದೆ ನೋಡಿ. ತೆರಿಗೆ ವಸೂಲಿಗೆ ಈತ ನೌಕರ; ರಜೆ, ಪರಿಹಾರ ಕೇಳಲು ಹೋದರೆ ನೌಕರನಲ್ಲ! ಅಪ್ಪಣೆ ಕೊಟ್ಟು ದುಡಿಸಿಕೊಂಡವನನ್ನು ಬಿಟ್ಟು ದುಡಿದವನಿಂದಲೇ ಮೊದಲು ವಸೂಲಿ ಮಾಡಿದರು. 2018ರಲ್ಲಿ ಬಿ.ಬಿ.ಸಿ.ಯ ನಿರೂಪಕರೇ ಪಾರ್ಲಿಮೆಂಟಿನ ಸಮಿತಿಯ ಮುಂದೆ ಬಂದು, ತಮ್ಮನ್ನು ಒತ್ತಾಯದಿಂದ ಸ್ವಂತ ಕಂಪನಿಗೆ ತಳ್ಳಲಾಯಿತೆಂದು ಹೇಳಿದರು. ಹೆಸರಾಂತವರ ಪಾಡೇ ಹೀಗಾದರೆ ನಮ್ಮ ಹುಡುಗರದೇನು?

ನಿರ್ಧರಿಸುವ ಹೊಣೆಯನ್ನು 2017ರಲ್ಲಿ ಸರ್ಕಾರಿ ಸಂಸ್ಥೆಗಳ ಮೇಲೆ, 2021ರ ಏಪ್ರಿಲಿನಲ್ಲಿ ದೊಡ್ಡ ಹಾಗೂ ಮಧ್ಯಮ ಖಾಸಗಿ ಸಂಸ್ಥೆಗಳ ಮೇಲೆ ಹಾಕಿದರು. ಒಡನೆ ಅನೇಕ ಬ್ಯಾಂಕುಗಳು, ಕಂಪನಿಗಳು "ಸ್ವಂತ ಕಂಪನಿಯವರು ಬೇಡ, ಛತ್ರಿ ಕಂಪನಿಯ ಮೂಲಕ ಬನ್ನಿ" ಎಂದವು. ಛತ್ರಿ ಕಂಪನಿ ಎಂದರೆ ನಡುವೆ ನಿಂತು ಸಂಬಳ ಬಟವಾಡೆ ಮಾಡುವ ಮಧ್ಯವರ್ತಿ. ಅಲ್ಲಿ ಮಾಲೀಕನ ವಂತಿಗೆಯೂ ಕರಾರಿನ ದರದಿಂದಲೇ ಕಳೆಯುತ್ತದೆ. ಅಂದರೆ ಮಾಲೀಕನ ಪಾಲನ್ನೂ ಕೂಲಿಕಾರನೇ ಕಟ್ಟಿದ ಹಾಗಾಯಿತು.

ಸಾಲವೆಂಬ ಸಂಬಳ

ಇದಕ್ಕಿಂತ ಘೋರವಾದುದೊಂದು ಉಂಟು. "ನಿನಗೆ ತೆರಿಗೆಯೇ ಬಾರದಂತೆ ಮಾಡುತ್ತೇವೆ" ಎಂದು ದಲ್ಲಾಳಿಗಳು ಬಂದರು. ಸ್ವಲ್ಪ ಹಣವನ್ನು ಸಂಬಳವೆಂದು, ಹೆಚ್ಚಿನದನ್ನು ಹೊರದ್ವೀಪದ ಟ್ರಸ್ಟೊಂದರಿಂದ ಸಾಲವೆಂದು ಕೊಡುವುದು. ಆ ಸಾಲವನ್ನು ಯಾರೂ ತೀರಿಸುವ ಮಾತೇ ಇಲ್ಲ. ಸಾಲಕ್ಕೆ ತೆರಿಗೆ ಇಲ್ಲವಷ್ಟೆ! 2017ರಲ್ಲಿ ಕಾಯಿದೆ ಮಾಡಿ, 2019ರ ಏಪ್ರಿಲ್ 5ರಂದು ಬಾಕಿಯಿದ್ದ ಅಂಥ ಸಾಲಗಳನ್ನೆಲ್ಲ ಒಂದೇ ವರ್ಷದ ವರಮಾನವೆಂದು ಹಿಡಿದರು. ಮೊದಲು 1999ರ ವರೆಗೆ ಹಿಂದಕ್ಕೆ ಹೋದರು. ಕೂಗೆದ್ದ ಮೇಲೆ 2010ರ ಡಿಸೆಂಬರಿಗೆ ಮಿತಿಗೊಳಿಸಿದರು. ದಲ್ಲಾಳಿಗಳು ಕಮೀಷನ್ ತಿಂದು ಹೋಗಿದ್ದರು. ನೋಟೀಸು ಬಂದದ್ದು ದುಡಿದವನ ಮನೆಗೆ. ಮನೆ ಮಾರಿದವರಿದ್ದಾರೆ, ಪ್ರಾಣ ಕಳೆದುಕೊಂಡವರೂ ಇದ್ದಾರೆ. ಅತಿ ಅಗ್ಗದ ಸರಕನ್ನು ಕಂಡರೆ ಅಂಗಡಿಯವನು ಹೇಗೆ ಅನುಮಾನಿಸುತ್ತಾನೋ ಹಾಗೆ ಇಂಥ ಮಾತನ್ನು ಅನುಮಾನಿಸಬೇಕು.

ಇನ್ನೊಂದು ಹೊಸ ದಾರಿ ಹೇಳುತ್ತಾರೆ. ಎಸ್ಟೋನಿಯಾ ಎಂಬ ಸಣ್ಣ ದೇಶ 2014ರ ಡಿಸೆಂಬರಿನಿಂದ ಪರದೇಶದವರಿಗೂ ಒಂದು ಗುರುತಿನ ಚೀಟಿ ಕೊಡುತ್ತದೆ. ಮನೆಯಲ್ಲೇ ಕುಳಿತು ಅಲ್ಲಿ ಕಂಪನಿ ನೋಂದಾಯಿಸಬಹುದು. ಆದರೆ ಆ ಚೀಟಿಯಿಂದ ಅಲ್ಲಿ ವಾಸಿಸುವ ಹಕ್ಕು ಬರುವುದಿಲ್ಲ, ಇಲ್ಲಿಯ ತೆರಿಗೆಯೂ ತಪ್ಪುವುದಿಲ್ಲ. ವರ್ಷದಲ್ಲಿ 182 ದಿನ ಭಾರತದಲ್ಲಿದ್ದವನು ಇಲ್ಲಿಯ ನಿವಾಸಿ. ಸಾಮಾನ್ಯವಾಗಿ ಇಲ್ಲೇ ನೆಲೆಸಿದವನು ಪರದೇಶದ ವರಮಾನವನ್ನೂ ಕಂಪನಿಯ ಷೇರನ್ನೂ ತನ್ನ ಲೆಕ್ಕಪತ್ರದಲ್ಲಿ ತೋರಿಸಬೇಕು. ಮುಚ್ಚಿಟ್ಟರೆ 2015ರ ಕಾಯಿದೆಯಲ್ಲಿ 10 ಲಕ್ಷ ರೂಪಾಯಿ ದಂಡಕ್ಕೆ ಅವಕಾಶವಿದೆ.

ನಾವು ಏನು ಮಾಡಬೇಕು?

ಮಕ್ಕಳು ಹೋಗಬಾರದೆಂದು ನಾನು ಹೇಳುವುದಿಲ್ಲ. ಹೋಗಲಿ, ಕಲಿಯಲಿ. ಒಂದು ಸಂಸ್ಥೆ ತರಿಸಿಕೊಂಡ ವೀಸಾದ ಮೇಲೆ ಹೋದವನು ಅದನ್ನು ಬಿಟ್ಟು ಮನಬಂದಂತೆ ಸ್ವಂತ ಕಂಪನಿಯಲ್ಲಿ ದುಡಿಯಲಾರ ಎಂಬುದನ್ನು ಮೊದಲು ತಿಳಿದಿರಲಿ. ಕರಾರಿಗೆ ರುಜು ಹಾಕುವ ಮುನ್ನ ಮೂರು ಪ್ರಶ್ನೆ ಕೇಳಲಿ: ಅಪ್ಪಣೆ ಯಾರದು? ನಷ್ಟ ಯಾರದು? ಕಾಯಿಲೆ ಬಿದ್ದ ದಿನ ಅನ್ನ ಯಾರದು? ಅಪ್ಪಣೆ ಅವರದು, ನಷ್ಟವೂ ಹಸಿವೂ ನನ್ನದು ಎಂದಾದರೆ ಅವನು ಮಾಲೀಕನಲ್ಲ. ರಕ್ಷಣೆ ಕಳೆದುಕೊಂಡ ಕೂಲಿ.

ಇನ್ನೊಂದು ಸಂಗತಿ. ಐ.ಆರ್. 35 ಬಂದಾಗ, "ನಾವು ಸ್ವತಂತ್ರರು, ನಮಗೆ ಯೂನಿಯನ್ ಏಕೆ" ಎನ್ನುತ್ತಿದ್ದ ಆ ಸಲಹೆಗಾರರೇ 1999ರಲ್ಲಿ ಒಂದು ಸಂಘ ಕಟ್ಟಿ ಕೋರ್ಟಿಗೆ ಹೋದರು. 2001ರಲ್ಲಿ ಸೋತರು, ಆದರೆ ಸಂಘ ಉಳಿಯಿತು. ಬಾಡಿಗೆ ಕಾರು ಓಡಿಸುವವರು ಸೋಲಲಿಲ್ಲ. "ಇವರು ನಮ್ಮ ಕಾರ್ಮಿಕರಲ್ಲ, ಸ್ವತಂತ್ರ ಗುತ್ತಿಗೆದಾರರು" ಎಂದು ಊಬರ್ ಕಂಪನಿ ವಾದಿಸಿತು. 2021ರ ಫೆಬ್ರವರಿ 19ರಂದು ಇಂಗ್ಲೆಂಡಿನ ಸುಪ್ರೀಂ ಕೋರ್ಟು ಅವರು ಕಾರ್ಮಿಕರೇ ಎಂದಿತು. ಕರಾರಿನ ಕಾಗದಕ್ಕಿಂತ ಕೆಲಸದ ನಿಜಸ್ಥಿತಿ ದೊಡ್ಡದೆಂದು ತೀರ್ಪಾಯಿತು.

ನಮ್ಮ ಊರಿನಲ್ಲಿ ಊಟ, ಸಾಮಾನು ಹೊತ್ತು ತರುವ ಹುಡುಗರನ್ನೂ "ಪಾಲುದಾರ" ಎಂದೇ ಕರೆಯುತ್ತಾರೆ. ಪೆಟ್ರೋಲು ಅವನದು, ಬೈಕು ಅವನದು, ಬಿದ್ದು ಮುರಿದ ಕಾಲೂ ಅವನದು. ಇದೆಂಥ ಪಾಲು? 2025ರಲ್ಲಿ ಕರ್ನಾಟಕ ಇವರಿಗಾಗಿ ಕಾಯಿದೆ ಮಾಡಿ, ಕಂಪನಿಗಳಿಂದ ನೂರಕ್ಕೆ 1ರಿಂದ 5ರ ವರೆಗೆ ಕ್ಷೇಮ ಶುಲ್ಕ ವಸೂಲು ಮಾಡಲು ಅವಕಾಶ ಕಲ್ಪಿಸಿತು. ಕಾಯಿದೆ ಕಾಗದದಲ್ಲಿ ಉಳಿಯದಂತೆ ಕಾಯುವುದು ಸಂಘದ ಕೆಲಸ.

ದುಡಿಮೆಯನ್ನು ಪಡೆದವನೇ ದುಡಿದವನ ವಿಮೆ, ರಜೆ, ಮುಪ್ಪಿನ ಹೊಣೆ ಹೊರಬೇಕು. ನಡುವೆ ಎಷ್ಟು ಕಂಪನಿ ನಿಲ್ಲಿಸಿದರೂ ಆ ಹೊಣೆ ಜಾರಬಾರದು. ಲಂಡನ್ನಿನ ಎಂಜಿನಿಯರನಿಗೂ, ಗಿರಣಿಯ ಬದಲಿಯವನಿಗೂ, ಬೈಕಿನ ಹುಡುಗನಿಗೂ ಬೇಡಿಕೆ ಇದೊಂದೇ. ಮನೆಗೆ ಹೋಗಿ ಪರದೇಶದಲ್ಲಿರುವ ಮಗನಿಗೆ ಫೋನು ಮಾಡಿದಾಗ ಸಂಬಳ ಎಷ್ಟು ಎಂದು ಕೇಳಿದ ಮೇಲೆ, ಕರಾರಿನಲ್ಲಿ ಏನು ಬರೆದಿದೆ ಎಂದೂ ಕೇಳಿರಿ.