ರಾಜಿ ಎಂದರೆ ಇಬ್ಬರ ಒಪ್ಪಿಗೆ
(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಖರ್ಚಿಲ್ಲದೆ ಜಗಳ ಬಗೆಹರಿಸಿಕೊಳ್ಳುವ ದಾರಿಗಳ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಸಂಘದವರು ಸೂಚಿಸಿದ್ದಾರೆ. ನಾನು ವಕೀಲನಲ್ಲ, ಉರ್ದು ಮತ್ತು ಕನ್ನಡ ಕಲಿಸುವ ಮೇಷ್ಟ್ರು. ಆದ್ದರಿಂದ ಪದಗಳಿಂದಲೇ ಆರಂಭಿಸುತ್ತೇನೆ. ಕನ್ನಡದ ‘ತಕರಾರು’ ಉರ್ದುವಿನ ‘ತಕ್ರಾರ್’. ಅರಬ್ಬಿಯಲ್ಲಿ ಅದರ ಮೂಲ ಅರ್ಥ ಹೇಳಿದ್ದನ್ನೇ ಮತ್ತೆ ಮತ್ತೆ ಹೇಳುವುದು. ‘ರಾಜಿ’ಯೂ ಅಲ್ಲಿಂದ ಬಂದ ಪದವೇ. ಮನಸಾರೆ ಒಪ್ಪಿದವನು ಎಂದು ಅದರ ಅರ್ಥ. ಒಬ್ಬರು ಒಪ್ಪಿ, ಇನ್ನೊಬ್ಬರು ಹೆದರಿ ಸುಮ್ಮನಾದರೆ ಅದು ರಾಜಿಯಾಗುವುದಿಲ್ಲ. ನಾನು ಇಂದು ಹೇಳಬೇಕಾದ ಮುಖ್ಯ ಮಾತು ಇದೇ.

ನಮ್ಮ ಹಳ್ಳಿಗಳ ತಕರಾರುಗಳು ಎಂಥವು? ಹೊಲದ ಬದು ಒಂದು ಅಡಿ ಜರುಗಿತು. ಬೋರ್‌ವೆಲ್ ನೀರಿನ ಸರದಿ ತಪ್ಪಿತು. ಕೈಸಾಲ ಹಿಂದಕ್ಕೆ ಬರಲಿಲ್ಲ. ತಂದೆಯ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಪಾಲು ಸಿಗಲಿಲ್ಲ. ಇವಕ್ಕಾಗಿ ಉಡಿಗಾಲದಿಂದ ಚಾಮರಾಜನಗರದ ಕೋರ್ಟಿಗೆ ಅಲೆದರೆ ಪ್ರತಿ ವಾಯಿದೆಗೂ ಒಂದು ದಿನದ ಕೂಲಿ, ಬಸ್ ಚಾರ್ಜು, ವಕೀಲರ ಫೀಜು. ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ಪ್ರವಾದಿ ಮುಹಮ್ಮದ್ (ಸ) ಅವರಿಗೆ ಪ್ರವಾದಿತ್ವ ಬರುವ ಮೊದಲಿನ ಒಂದು ಪ್ರಸಂಗ ತಮಗೆಲ್ಲ ಗೊತ್ತು. ಕಾಬಾ ಪುನರ್ನಿರ್ಮಾಣದ ವೇಳೆ ಹಜರೆ ಅಸ್ವದ್ ಕಲ್ಲನ್ನು ಯಾರು ಇಡಬೇಕೆಂದು ಖುರೈಷರ ಪಂಗಡಗಳಲ್ಲಿ ಜಗಳವಾಯಿತು, ಕತ್ತಿ ಹಿರಿಯುವ ಹಂತಕ್ಕೆ ಹೋಯಿತು. ಅವರು ಒಂದು ಬಟ್ಟೆ ಹಾಸಿ, ಕಲ್ಲನ್ನು ಅದರ ಮೇಲಿಟ್ಟು, ಎಲ್ಲ ಪಂಗಡದವರೂ ಅಂಚು ಹಿಡಿದು ಎತ್ತುವಂತೆ ಮಾಡಿದರು. ಯಾರೂ ಸೋಲಲಿಲ್ಲ. ಮಧ್ಯಸ್ಥಿಕೆ ಎಂದರೆ ಇದೇ. ನ್ಯಾಯಾಧೀಶರು ತೀರ್ಪು ಕೊಡುತ್ತಾರೆ. ಮಧ್ಯಸ್ಥರು ತೀರ್ಪು ಕೊಡುವುದಿಲ್ಲ, ಇಬ್ಬರೂ ಹಿಡಿಯುವಂತೆ ಬಟ್ಟೆ ಹಾಸಿಕೊಡುತ್ತಾರೆ.

ಈಗ ಸರಕಾರದ ಸೌಲಭ್ಯಗಳನ್ನು ನೋಡೋಣ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆ 1995ರ ನವೆಂಬರ್ 9ರಂದು ಜಾರಿಗೆ ಬಂತು. ಅದರಂತೆ ಜಿಲ್ಲೆಗೆ ಒಂದು ಪ್ರಾಧಿಕಾರ, ತಾಲ್ಲೂಕಿಗೆ ಒಂದು ಸಮಿತಿ ಕೋರ್ಟಿನ ಆವರಣದಲ್ಲೇ ಕೆಲಸ ಮಾಡುತ್ತವೆ. ಕೇಸು ಹಾಕುವ ಮೊದಲೇ ಅಲ್ಲಿ ಅರ್ಜಿ ಕೊಟ್ಟು ಲೋಕ ಅದಾಲತ್‌ನಲ್ಲಿ ರಾಜಿಗೆ ಕೂರಬಹುದು. ಇದಕ್ಕೆ ಶುಲ್ಕವಿಲ್ಲ. ಕೇಸು ಆಗಲೇ ನಡೆಯುತ್ತಿದ್ದು ಅಲ್ಲಿ ಮುಗಿದರೆ ಕಟ್ಟಿದ ಕೋರ್ಟು ಫೀಜು ವಾಪಸು ಬರುತ್ತದೆ. ಅಲ್ಲಿಯ ಆದೇಶಕ್ಕೆ ಸಿವಿಲ್ ಕೋರ್ಟಿನ ಡಿಕ್ರಿಯ ಬೆಲೆಯಿದೆ, ಅದರ ಮೇಲೆ ಅಪೀಲು ಇಲ್ಲ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರ ನೆರವು ಸಿಗುತ್ತದೆ. ಮಾಹಿತಿಗೆ 15100ಕ್ಕೆ ಫೋನ್ ಮಾಡಿದರೆ ಸಾಕು.

ಕೋರ್ಟಿನಲ್ಲಿರುವ ಕೇಸುಗಳ ಮಧ್ಯಸ್ಥಿಕೆಗಾಗಿ 2007ರಲ್ಲಿ ಬೆಂಗಳೂರಿನಲ್ಲಿ ಹೈಕೋರ್ಟಿನ ಆಶ್ರಯದಲ್ಲಿ ಒಂದು ಕೇಂದ್ರ ಆರಂಭವಾಯಿತು. 2025ರ ಜುಲೈ 1ರಿಂದ ಮೂರು ತಿಂಗಳು ದೇಶದಾದ್ಯಂತ ತಾಲ್ಲೂಕು ಕೋರ್ಟುಗಳವರೆಗೆ ‘ರಾಷ್ಟ್ರಕ್ಕಾಗಿ ಮಧ್ಯಸ್ಥಿಕೆ’ ಅಭಿಯಾನ ನಡೆಯಿತು. 2023ರ ಮಧ್ಯಸ್ಥಿಕೆ ಕಾಯಿದೆಯಲ್ಲಿ ಸಮುದಾಯ ಮಧ್ಯಸ್ಥಿಕೆಗೆಂದೇ ಒಂದು ಅಧ್ಯಾಯವಿದೆ. ಊರಿನ ನೆಮ್ಮದಿ ಕೆಡಿಸುವ ಜಗಳವನ್ನು ಎರಡೂ ಕಡೆಯವರು ಮೊದಲೇ ಒಪ್ಪಿದರೆ ಮೂವರು ಮಧ್ಯಸ್ಥರ ಮುಂದಿಡಬಹುದು ಎನ್ನುತ್ತದೆ ಅದು. ಆದರೆ ಆ ಒಪ್ಪಂದಕ್ಕೆ ಡಿಕ್ರಿಯ ಬಲವಿಲ್ಲವೆಂದೂ ಅದೇ ಕಾಯಿದೆ ಹೇಳುತ್ತದೆ. ಆದ್ದರಿಂದ ಊರಲ್ಲಿ ಮಾತು ಮುಗಿದರೂ, ಜಮೀನು ಅಥವಾ ಹಣದ ವಿಷಯವಾದರೆ ಅದನ್ನು ಲೋಕ ಅದಾಲತ್‌ಗೆ ಒಯ್ದು ಬರೆಸಿಕೊಳ್ಳುವುದು ಜಾಣತನ. ಬಾಯಿಮಾತಿನ ರಾಜಿ ಮುಂದಿನ ಮಳೆಗಾಲದ ಉಳುಮೆಯವರೆಗೆ ಮಾತ್ರ ಬಾಳುತ್ತದೆ.

ಹಿರಿಯರ ಕ್ಷಮೆ ಕೇಳಿ ಇನ್ನೊಂದು ಮಾತು ಹೇಳುತ್ತೇನೆ. ಮಸೀದಿಯ ಜಮಾಅತ್ ಕೂಡಿ ಜಗಳ ತಪ್ಪಿಸುವುದು ಪುಣ್ಯದ ಕೆಲಸ. ಗಂಡ ಹೆಂಡಿರ ಮನಸ್ತಾಪಕ್ಕೆ ಗಂಡನ ಕಡೆಯಿಂದ ಒಬ್ಬರು, ಹೆಂಡತಿಯ ಕಡೆಯಿಂದ ಒಬ್ಬರು ಮಧ್ಯಸ್ಥರಾಗಲಿ ಎಂಬ ಸೂಚನೆ ಸೂರಾ ನಿಸಾದ 35ನೇ ಆಯತ್‌ನಲ್ಲೇ ಇದೆ. ಎರಡೂ ಕಡೆಯವರು ಎಂಬುದನ್ನು ಗಮನಿಸಿ. ಹೆಣ್ಣುಮಗಳು ಮನೆಯಲ್ಲಿರುವಾಗ ಗಂಡಸರಷ್ಟೇ ಕೂತು ಅವಳ ಮಹರ್, ಅವಳ ಮಕ್ಕಳು, ಅವಳ ಪಾಲಿನ ಬಗ್ಗೆ ತೀರ್ಮಾನ ಮಾಡಿದರೆ ಅದು ರಾಜಿಯಲ್ಲ, ಹೇರಿಕೆ. ಫತ್ವಾಗಳಿಗೆ ಕಾನೂನಿನ ಬಲವಿಲ್ಲ, ಅವನ್ನು ಯಾರ ಮೇಲೂ ಒತ್ತಾಯದಿಂದ ಹೇರುವಂತಿಲ್ಲ ಎಂದು ಸುಪ್ರೀಂ ಕೋರ್ಟು 2014ರ ಜುಲೈ 7ರಂದು ಸ್ಪಷ್ಟಪಡಿಸಿದೆ. ಒಪ್ಪಿ ನಡೆಯಲು ಅಡ್ಡಿಯಿಲ್ಲ, ಒಪ್ಪದವರನ್ನು ಕಟ್ಟಿಹಾಕಲು ಹಕ್ಕಿಲ್ಲ.

ಕೆಲವು ವಿಷಯಗಳಲ್ಲಿ ಪಂಚಾಯಿತಿಯೇ ಕೂಡದು. ಹೆಂಡತಿಗೆ ಹೊಡೆತ, ವರದಕ್ಷಿಣೆ ಕಿರುಕುಳ, ಬಾಲ್ಯವಿವಾಹ, ಮಕ್ಕಳ ಮೇಲಿನ ದೌರ್ಜನ್ಯ, ಇವು ತಕರಾರುಗಳಲ್ಲ, ಅಪರಾಧಗಳು. ಮರ್ಯಾದೆಯ ಹೆಸರಿನಲ್ಲಿ ಇವನ್ನು ಮುಚ್ಚಿಹಾಕಬಾರದು. ಮಕ್ಕಳಿಗೆ 1098, ಮಹಿಳೆಯರಿಗೆ 181, ಪೊಲೀಸರಿಗೆ 112 ಇದೆ.

ಕೊನೆಯದಾಗಿ ವಿದ್ಯಾರ್ಥಿಗಳಿಗೆ. ನಮ್ಮ ಅನೇಕ ತಾಯಂದಿರ ಮನೆಮಾತು ಉರ್ದು, ಸರಕಾರಿ ಕಾಗದವೆಲ್ಲ ಕನ್ನಡದಲ್ಲಿ. ಅರ್ಥವಾಗದ ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿ ಪಾಲು ಕಳೆದುಕೊಳ್ಳುವುದು ಇಲ್ಲಿಂದಲೇ ಶುರುವಾಗುತ್ತದೆ. ನಿಮಗೆ ಎರಡೂ ಭಾಷೆ ಬರುತ್ತದೆ. ಸಹಿ ಹಾಕುವ ಮೊದಲು ಅವರಿಗೆ ಸಾಲು ಸಾಲಾಗಿ ಓದಿ ತಿಳಿಸಿ. ಒಪ್ಪಿಗೆಯೇ ಎಂದು ಕೇಳಿ. ಇಲ್ಲ ಎಂದರೆ ಕಾಗದ ವಾಪಸು ಕೊಡಿ. ನೀವು ಕಲಿತ ವಿದ್ಯೆಗೆ ಇದಕ್ಕಿಂತ ಒಳ್ಳೆಯ ಉಪಯೋಗ ನನಗೆ ತೋಚುವುದಿಲ್ಲ.