ಮಾತು ಹೊಳಿ, ಓದು ಕಾಲುವಿ

ಮಕ್ಕಳೇ, ಕಳೆದ ಬೇಸಿಗೆ ರಜೆಯಲ್ಲಿ ನನ್ನ ಅಕ್ಕನ ಮಗನನ್ನು ಕರೆದುಕೊಂಡು ಆಲಮಟ್ಟಿಗೆ ಹೋಗಿದ್ದೆ. ರೈಲಿನಿಂದ ಇಳಿದವನೇ ನಿಲ್ದಾಣದ ಹಳದಿ ಬೋರ್ಡಿನ ಮುಂದೆ ನಿಂತ. ಬೆರಳು ತೋರಿಸುತ್ತ ಓದಿದ: “ಆ... ಲ... ಮ... ಟಿ.” ನಾಲ್ಕನೇ ಇಯತ್ತೆ ಮುಗಿಸಿದ ಹುಡುಗ. ಅವನಿಗಿಂತ ಚಿಕ್ಕವಳೊಬ್ಬಳು ಪಕ್ಕದಲ್ಲಿ ಅದನ್ನೇ ಸರಾಗವಾಗಿ ಓದಿ ಓಡಿಹೋದಳು. ಇವನು ತಲೆ ತಗ್ಗಿಸಿದ.

ಅಣೆಕಟ್ಟಿನ ಹತ್ತಿರ ಬಂದ ಮೇಲೆ ಇದೇ ಹುಡುಗ ನನಗೆ ಪಾಠ ಹೇಳತೊಡಗಿದ. ಗೇಟು 26 ಅಂತೆ. 1964ರ ಮೇ 22ಕ್ಕೆ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ್ದಂತೆ, ಅದಕ್ಕೇ ಜಲಾಶಯಕ್ಕೆ ಅವರ ಹೆಸರಂತೆ. ಇಲ್ಲಿಂದ ಬಿಟ್ಟ ನೀರು ನಾರಾಯಣಪುರದ ಬಸವಸಾಗರಕ್ಕೆ ಹೋಗಿ ಸೇರುತ್ತದಂತೆ. ಎಲ್ಲವೂ ಅಜ್ಜ ಒಮ್ಮೆ ಹೇಳಿದ್ದು, ಒಂದೂ ಮರೆತಿರಲಿಲ್ಲ. ನಾನು ಬೆರಗಾಗಿ ನೋಡಿದಾಗ ಸಣ್ಣ ದನಿಯಲ್ಲಿ ಅಂದ: “ಚಿಗವ್ವಾ, ನನಗ ಬಾಯಿಲೆ ಎಲ್ಲಾ ಬರತೈತಿ. ಪುಸ್ತಕ ತಗದ್ರ ಬರಂಗಿಲ್ಲ.”

ನನಗೆ ಇನ್ನೊಬ್ಬ ಹುಡುಗ ನೆನಪಾದ. ಅವನು ಇಂಗ್ಲೆಂಡಿನವನು, ಹದಿನಾಲ್ಕು ವರ್ಷದವನು. 1896ರಲ್ಲಿ ಪ್ರಿಂಗಲ್ ಮಾರ್ಗನ್ ಎಂಬ ವೈದ್ಯರು ಅವನ ಬಗ್ಗೆ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಹುಡುಗ ಚುರುಕು, ಆಟದಲ್ಲಿ ಮುಂದು, ಕಣ್ಣಿನಲ್ಲಿ ದೋಷವಿಲ್ಲ. ಆದರೆ ವರ್ಷಗಟ್ಟಲೆ ಕಲಿಸಿದರೂ ಓದು ಹತ್ತುತ್ತಿಲ್ಲ. ಪರ್ಸಿ ಎಂಬ ತನ್ನ ಹೆಸರನ್ನೇ ಅಕ್ಷರ ಹಿಂದುಮುಂದಾಗಿ ಬರೆಯುತ್ತಿದ್ದ. ಪಾಠವೆಲ್ಲ ಬಾಯಿಂದಲೇ ನಡೆಯುವುದಾದರೆ ಶಾಲೆಯಲ್ಲಿ ಇವನಿಗಿಂತ ಜಾಣ ಇರುವುದಿಲ್ಲ ಎಂದು ಅವನ ಮಾಸ್ತರರು ಹೇಳಿದ್ದರಂತೆ. ನಮ್ಮ ಹುಡುಗನ ಮಾತೂ ಅದೇ ಅಲ್ಲವೇ? ಇಂಥ ತೊಡಕಿಗೆ ಈಗ ಡಿಸ್ಲೆಕ್ಸಿಯಾ ಎನ್ನುತ್ತಾರೆ.

ಮಾತು ಸರಾಗವಾಗಿ ಬರುವಾಗ ಓದು ಯಾಕೆ ಬರುವುದಿಲ್ಲ? ನಾವು ನಿಂತಿದ್ದ ಜಾಗದಲ್ಲೇ ಇದಕ್ಕೊಂದು ಚಿತ್ರವಿತ್ತು.

ಕೃಷ್ಣಾ ಹೊಳೆಯನ್ನು ಯಾರೂ ತೋಡಲಿಲ್ಲ, ಅದು ತನ್ನಷ್ಟಕ್ಕೆ ಹರಿಯಿತು. ಮಾತೂ ಹಾಗೆಯೇ. ಮನೆಯಲ್ಲಿ ನಾಲ್ಕು ಜನ ಮಾತಾಡುತ್ತಿದ್ದರೆ ಸಾಕು, ಹೆಚ್ಚಿನ ಕೂಸುಗಳು ತಾವೇ ಮಾತು ಕಲಿಯುತ್ತವೆ. ಕಾಲುವೆಯನ್ನು ಮಾತ್ರ ಮನುಷ್ಯ ತೋಡಬೇಕು. ಓದು ಅಂಥ ಕಾಲುವೆ. ಮನುಷ್ಯ ಬರವಣಿಗೆ ಕಂಡುಕೊಂಡು ಸುಮಾರು ಐದು ಸಾವಿರ ವರ್ಷವಾಗಿದೆ. ಮಿದುಳಿನ ಲೆಕ್ಕದಲ್ಲಿ ಅದು ನಿನ್ನೆ ಮೊನ್ನೆಯ ಸಂಗತಿ. ಹಾಗಾಗಿ ಓದಲೆಂದೇ ಮಾಡಿಟ್ಟ ಜಾಗ ಯಾವ ಕೂಸಿನ ತಲೆಯಲ್ಲೂ ಇರುವುದಿಲ್ಲ. ಪ್ರತಿ ಮಗುವೂ ಕಣ್ಣು ಕಂಡ ಗೆರೆಗಳಿಂದ ಕಿವಿ ಬಲ್ಲ ದನಿಗಳವರೆಗೆ ತನ್ನದೇ ಕಾಲುವೆಯನ್ನು ಹೊಸದಾಗಿ ತೋಡಿಕೊಳ್ಳಬೇಕು. ಆಲಮಟ್ಟಿಯಿಂದ ಎಡದಂಡೆ, ಬಲದಂಡೆ ಎರಡೂ ಕಾಲುವೆ ಹೊರಡುತ್ತವೆ. ಓದಿನ ಕಾಲುವೆ ಬಹಳ ಜನರಲ್ಲಿ ಎಡದಂಡೆಯದು, ಮಿದುಳಿನ ಎಡಭಾಗದ್ದು. ಓದುವಾಗ ಮಿದುಳಿನ ಚಿತ್ರ ತೆಗೆದು ವಿಜ್ಞಾನಿಗಳು ಇದನ್ನು ಕಂಡಿದ್ದಾರೆ.

ನೆಲ ಎಲ್ಲ ಕಡೆ ಒಂದೇ ಥರ ಇರುವುದಿಲ್ಲ, ನಮ್ಮ ವಿಜಯಪುರದ ಕಡೆಯವರಿಗೆ ಇದು ಗೊತ್ತು. ಎರಿ ನೆಲದಲ್ಲಿ ಗುದ್ದಲಿ ಇಳಿದಂತೆ ಮಡ್ಡಿ ನೆಲದಲ್ಲಿ ಇಳಿಯುವುದಿಲ್ಲ. ಡಿಸ್ಲೆಕ್ಸಿಯಾ ಇರುವ ಮಗುವಿಗೆ ಈ ಒಂದು ಕಾಲುವೆಯ ದಾರಿಯಲ್ಲಿ ಮಡ್ಡಿ ಸಿಕ್ಕಿರುತ್ತದೆ. ಹೊಳೆಯಲ್ಲಿ ನೀರೇನೂ ಕಡಿಮೆಯಿಲ್ಲ. ಇದು ಹುಟ್ಟಿನಿಂದ ಬಂದದ್ದು, ಎಷ್ಟೋ ಸಲ ಅಪ್ಪನಿಗೋ ಅವ್ವನಿಗೋ ಚಿಕ್ಕಂದಿನಲ್ಲಿ ಇದ್ದದ್ದೇ. ಸೋಮಾರಿತನಕ್ಕೂ ಇದಕ್ಕೂ ಸಂಬಂಧವಿಲ್ಲ.

ಮಡ್ಡಿ ಸಿಗುವುದು ಎಲ್ಲಿ? ಕಂಡ ಪದವನ್ನು ನೆನಪಿಡುವ ಕಡೆ ಎಂದು ಮಾರ್ಗನ್ನರ ಕಾಲದವರು ಎಣಿಸಿದ್ದರು. ಈಗಿನ ಸಂಶೋಧಕರು ಹೆಚ್ಚಾಗಿ ದನಿಯ ಕಡೆ ಬೆರಳು ತೋರಿಸುತ್ತಾರೆ. ನೀವೇ ನೋಡಿ. ನೀವೆಲ್ಲ ಗುಟ್ಟಿಗೆ ‘ಕ’ ಭಾಷೆ ಆಡುತ್ತೀರಿ. “ನಾಳೆ ಬಾ” ಅನ್ನಲು “ಕನಾ ಕಳೆ ಕಬಾ” ಅನ್ನುತ್ತೀರಿ. ಯಾರೂ ಕಲಿಸದೆಯೇ ಮಾತನ್ನು ಅಕ್ಷರ ಅಕ್ಷರವಾಗಿ ಒಡೆಯುತ್ತೀರಿ. ಈಗ ಅಕ್ಷರದ ಒಳಗೆ ಹೋಗೋಣ. ‘ಆಲಮಟ್ಟಿ’ಯಲ್ಲಿ ಅಕ್ಷರ ನಾಲ್ಕು, ದನಿ ಎಷ್ಟು? ಆ, ಲ್, ಅ, ಮ್, ಅ, ಟ್, ಟ್, ಇ. ಎಂಟು! ಕೊನೆಯ ‘ಟ್ಟಿ’ ಒಂದರಲ್ಲೇ ಮೂರು ದನಿ ಒತ್ತಾಗಿ ಕೂತಿವೆ. ಹುಡುಗ ತಡವರಿಸಿದ್ದು ಅಲ್ಲೇ.

ಕನ್ನಡ ಓದುವ ಮಕ್ಕಳನ್ನೇ ಕೂರಿಸಿಕೊಂಡು ಬೆಂಗಳೂರಿನ ಸೋನಾಲಿ ನಾಗ್ ಅವರು ಇದನ್ನು ಅಧ್ಯಯನ ಮಾಡಿ 2007ರಲ್ಲಿ ಪ್ರಕಟಿಸಿದರು. ಮಾತನ್ನು ಅಕ್ಷರವಾಗಿ ಒಡೆಯುವುದು ಮಕ್ಕಳಿಗೆ ಬೇಗ ಬರುತ್ತದೆ, ಅಕ್ಷರದೊಳಗಿನ ದನಿ ಬಿಡಿಸುವುದು ನಿಧಾನ. ಕನ್ನಡದ ಅಕ್ಷರಗಳೆಲ್ಲ ಕೈವಶವಾಗಲು ನಾಲ್ಕನೇ ತರಗತಿಯವರೆಗೂ ಸಮಯ ಹಿಡಿಯುತ್ತದೆ ಎಂದು ಅವರು ಕಂಡರು. ಹಿಡಿಯದೆ ಇನ್ನೇನು! 34 ವ್ಯಂಜನಕ್ಕೆ 13 ಸ್ವರ ಸೇರಿಸಿ ಕಾಗುಣಿತ ಬರೆದರೆ 442 ಆಕಾರ. ಒತ್ತಕ್ಷರಗಳು ಆಮೇಲೆ. ‘ದ’ದ ಬುಡದಲ್ಲಿ ಸಣ್ಣ ಸೀಳು ಬಂದರೆ ‘ಧ’, ಅದರ ಹೊಟ್ಟೆಯಲ್ಲಿ ಚುಕ್ಕೆ ಬಂದರೆ ‘ಥ’. ಒಂದನೇ ತರಗತಿಯಲ್ಲೇ ಒತ್ತಕ್ಷರ ಬರಲಿಲ್ಲವೆಂದು ಮಗುವನ್ನು ಗದರುವ ದೊಡ್ಡವರನ್ನು ಕಂಡರೆ ನನಗೆ ನಿಜವಾಗಿ ಸಂಕಟವಾಗುತ್ತದೆ. ಮುಂದೆ 2011ರಲ್ಲಿ ನಾಗ್ ಮತ್ತು ಮಾರ್ಗರೆಟ್ ಸ್ನೋಲಿಂಗ್ ಇಬ್ಬರೂ ಕನ್ನಡ ಓದಲು ಕಷ್ಟಪಡುವ ಮಕ್ಕಳ ಬಗ್ಗೆಯೇ ಬರೆದರು. ಆ ಮಕ್ಕಳಿಗೆ ಮಾತಿನ ದನಿಗಳನ್ನು ಬಿಡಿಸಿ ಜೋಡಿಸುವುದು ಉಳಿದವರಿಗಿಂತ ಕಷ್ಟವಾಗುತ್ತಿತ್ತು.

ಹಾಗಾದರೆ ಮಡ್ಡಿಯನ್ನು ಒಡೆಯುವುದು ಹೇಗೆ? 1983ರಲ್ಲಿ ಆಕ್ಸ್‌ಫರ್ಡಿನ ಲಿನೆಟ್ ಬ್ರಾಡ್ಲಿ ಮತ್ತು ಪೀಟರ್ ಬ್ರಯಂಟ್ ಎಂಬ ಸಂಶೋಧಕರು ಚಿಕ್ಕ ಮಕ್ಕಳಿಗೆ ದನಿಗಳ ಆಟ ಆಡಿಸಿ ತೋರಿಸಿದರು. ದನಿಯ ಆಟದ ಜೊತೆಗೆ ಅಕ್ಷರವನ್ನೂ ಕೈಗೆ ಕೊಟ್ಟಾಗ ಮಕ್ಕಳ ಓದು ಹೆಚ್ಚು ಸುಧಾರಿಸಿತ್ತು. ನಾವೂ ಆ ಸಂಜೆ ಅಂಥದ್ದೇ ಮಾಡಿದೆವು.

ಅಕ್ಕ ಒಲೆಯ ಮುಂದೆ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಪರಾತದಲ್ಲಿ ಉಳಿದ ಹಿಟ್ಟನ್ನು ಸಮ ಮಾಡಿ ಹುಡುಗನ ಮುಂದಿಟ್ಟೆ. “ಅಕಿ ಅನ್ನು,” ಅಂದೆ. ಅಂದ. “ಅಕ್ಕಿ ಅನ್ನು.” ಅಂದ. ಅಕಿ ಬಂದ್ಲು, ಅಕ್ಕಿ ತಂದ್ಲು ಎಂದು ಹಾಡಿ ನಕ್ಕೆವು. ನಾಲಿಗೆ ಎಲ್ಲಿ ಒಂದು ಗಳಿಗೆ ನಿಲ್ಲುತ್ತದೆ ಎಂದು ಕೇಳಿದೆ. ಮತ್ತೆ ಮತ್ತೆ ಅಂದು ನೋಡಿ, “ಕ್ ಹಂತೇಕ” ಎಂದ. ಆಗ ಹಿಟ್ಟಿನಲ್ಲಿ ‘ಕಿ’ ಬರೆದು, ಆ ನಿಂತ ದನಿಗೆ ಕೆಳಗೊಂದು ಒತ್ತು ಇಟ್ಟೆವು. ಬೆರಳು ಹಿಟ್ಟಿನಲ್ಲಿ ಹೋಗುವಾಗ ಬಾಯಿಯೂ ಅದೇ ದನಿ ಆಡಬೇಕು, ಅದು ಕಟ್ಟುನಿಟ್ಟು. ಅಳಿಸಿ ಬರೆದ, ಮತ್ತೆ ಅಳಿಸಿದ. ಮೂಗಿನ ತುದಿಗೂ ಹಿಟ್ಟು. ದಿನಕ್ಕೆ ಹತ್ತೇ ನಿಮಿಷ, ಆದರೆ ದಿನಾ.

ಇಷ್ಟೇ ಸಾಲದು. ಮೊದಲು ಕಣ್ಣು, ಕಿವಿ ತೋರಿಸಬೇಕು. ಆಮೇಲೆ ಬಲ್ಲವರು ಮಗುವಿನ ಓದನ್ನು ಪರೀಕ್ಷಿಸಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರ ‘ಡಾಲಿ’ ಎಂಬ ಪರೀಕ್ಷೆಯನ್ನು ಕನ್ನಡದಲ್ಲೂ ರೂಪಿಸಿದ್ದು ನನಗೆ ಬಲು ಸಮಾಧಾನದ ಸಂಗತಿ. ಕನ್ನಡ ಓದುವ ಮಗುವನ್ನು ಇಂಗ್ಲಿಷಿನಲ್ಲಿ ಅಳೆದರೆ ಏನು ತಿಳಿದೀತು? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೂ ಈ ತೊಡಕನ್ನು ಹೆಸರಿಸಿ ಸೇರಿಸಿಕೊಂಡಿದೆ. ನಿಮ್ಮ ತರಗತಿಯಲ್ಲಿ ಯಾರಾದರೂ ಗಟ್ಟಿಯಾಗಿ ಓದಲು ಅಂಜಿದರೆ ನಗಬೇಡಿ. ಅವರ ಪಕ್ಕ ಕೂತು ನೀವೊಂದು ಸಾಲು, ಅವರೊಂದು ಸಾಲು ಓದಿ.

ಮಳೆಗಾಲದಲ್ಲಿ ಮತ್ತೆ ಹೋದಾಗ ಹುಡುಗ ‘ಆಲಮಟ್ಟಿ’ಯನ್ನು ನಿಧಾನವಾಗಿ, ಸರಿಯಾಗಿ ಓದಿದ. ಆಮೇಲೆ ತಾನೇ ‘ಶಾಸ್ತ್ರಿ’ಗೆ ಕೈಹಾಕಿದ. ನೋಟ್‌ಬುಕ್ಕಿನಲ್ಲಿ ಬರೆದು ಬಹಳ ಹೊತ್ತು ಅದನ್ನೇ ನೋಡುತ್ತ ಕೂತ.

“ಚಿಗವ್ವಾ, ಇಲ್ನೋಡು. ಗುಡಿಸು ‘ಸ’ದ ತಲಿ ಮ್ಯಾಲ ಕುಂತೈತಿ. ಖರೇ ಅದರ ದನಿ ಸ್, ತ್, ರ್ ಎಲ್ಲಾ ಮುಗದ ಮ್ಯಾಲ ಬರತೈತಿ. ಹಂಗ್ಯಾಕ?”

ಐವತ್ತು ವರ್ಷದಿಂದ ಕನ್ನಡ ಓದುತ್ತಿದ್ದೇನೆ. ಅದು ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ.