ಮಗುವನ್ನು ಯಾವ ಭಾಷೆಯಲ್ಲಿ ಮಾತಾಡಿಸೋಣ?



ಹುಟ್ಟಿನಿಂದಲೇ ಕಿವಿ ಕೇಳದ ಮಗುವಿಗೆ ಕಾಕ್ಲಿಯರ್ ಇಂಪ್ಲಾಂಟ್ ಆಪರೇಷನ್ ಆಗಿ ಮೂರ್ನಾಲ್ಕು ವಾರ ಕಳೆದ ಮೇಲೆ ‘ಸ್ವಿಚ್ ಆನ್’ ಮಾಡುವ ದಿನ ಬರುತ್ತದೆ. ಅವತ್ತು ಮನೆಯವರೆಲ್ಲ ಮಗುವಿನ ಬಾಯಿಯನ್ನೇ ನೋಡುತ್ತಿರುತ್ತಾರೆ. ಮಗು ಬೆಚ್ಚಿ ಅಳಬಹುದು, ಇಲ್ಲವೇ ಏನೂ ಆಗದ ಹಾಗೆ ಆಡುತ್ತಲೇ ಇರಬಹುದು. ‘ಅಮ್ಮ’ ಎಂದು ಮಾತ್ರ ಕರೆಯುವುದಿಲ್ಲ. ಮೂರು ವರ್ಷದ ಮಗುವಾದರೂ ಅದರ ಕೇಳುವ ವಯಸ್ಸು ಆ ದಿನಕ್ಕೆ ಸೊನ್ನೆ.

ಹಿಯರಿಂಗ್ ಏಡ್ ಶಬ್ದವನ್ನು ದೊಡ್ಡದು ಮಾಡುತ್ತದೆ, ಅಷ್ಟೆ. ಇಂಪ್ಲಾಂಟಿನ ಬಗೆ ಬೇರೆ. ಕಿವಿಯ ಹಿಂದಿನ ಪ್ರೊಸೆಸರ್ ಶಬ್ದವನ್ನು ವಿದ್ಯುತ್ ಸಂಕೇತವಾಗಿ ಬದಲಿಸಿ ಚರ್ಮದಡಿಯ ಭಾಗಕ್ಕೆ ಕಳಿಸುತ್ತದೆ. ಅಲ್ಲಿಂದ ಒಳಗಿವಿಯ ಶಂಖದೊಳಗೆ ತೂರಿಸಿದ ತೆಳು ಎಳೆಯೊಂದು ಶ್ರವಣ ನರವನ್ನೇ ನೇರವಾಗಿ ಪ್ರಚೋದಿಸುತ್ತದೆ. ಸಹಜ ಕಿವಿಯಲ್ಲಿ ಈ ಕೆಲಸಕ್ಕೆ ಸುಮಾರು 3,500 ರೋಮಕೋಶಗಳಿವೆ. ಯಂತ್ರದಲ್ಲಿರುವುದು 12ರಿಂದ 22 ಎಲೆಕ್ಟ್ರೋಡುಗಳು. 1978ರಲ್ಲಿ ಗ್ರೇಮ್ ಕ್ಲಾರ್ಕ್ ಮೆಲ್ಬರ್ನ್‌ನಲ್ಲಿ ಹಲವು ಎಲೆಕ್ಟ್ರೋಡುಗಳ ಸಾಧನವನ್ನು ಅಳವಡಿಸಿದಾಗ, ಇಷ್ಟರಲ್ಲಿ ಮಾತು ತಿಳಿದೀತೇ ಎಂದು ಅನುಮಾನಪಟ್ಟ ವಿಜ್ಞಾನಿಗಳು ಬಹಳ ಮಂದಿ. ಮಾತು ತಿಳಿಯಿತು. ಸಂಗೀತ ಅಷ್ಟು ಸುಲಭವಾಗಿ ಒಲಿಯಲಿಲ್ಲ. ಯಕ್ಷಗಾನಕ್ಕೆ ಹೋದ ಇಂಪ್ಲಾಂಟ್ ಮಗುವಿಗೆ ಚೆಂಡೆಯ ಪೆಟ್ಟು, ತಾಳ ಚೆನ್ನಾಗಿಯೇ ಸಿಗುತ್ತವೆ. ಭಾಗವತರ ರಾಗದ ಏರಿಳಿತ ಮಸುಕು.

ಕಿವಿಯಿಂದ ಬಂದದ್ದನ್ನು ಮಾತಾಗಿ ಬಿಡಿಸಿಕೊಳ್ಳುವುದು ಮಿದುಳು, ಅದಕ್ಕೊಂದು ಕಾಲವಿದೆ. ಅಮೆರಿಕದ ಸಂಶೋಧಕಿ ಅನು ಶರ್ಮಾ ಮತ್ತು ಸಂಗಡಿಗರು ಮಿದುಳಿನ ಸ್ಪಂದನೆಯನ್ನು ಅಳೆದು ನೋಡಿದರು. ಸುಮಾರು ಮೂರೂವರೆ ವರ್ಷದೊಳಗೆ ಇಂಪ್ಲಾಂಟ್ ಆದವರಲ್ಲಿ ಸ್ಪಂದನೆ ಕೆಲವೇ ತಿಂಗಳಲ್ಲಿ ಓರಗೆಯವರ ಮಟ್ಟಕ್ಕೆ ಬರುತ್ತಿತ್ತು. ಏಳು ದಾಟಿದವರಲ್ಲಿ ಹೆಚ್ಚಿನವರಿಗೆ ಬರುತ್ತಿರಲಿಲ್ಲ. ‘ಅವನ ಅಪ್ಪನೂ ತಡವಾಗಿಯೇ ಮಾತಾಡಿದ್ದು’ ಎಂದು ಕಾಯುವುದು ದುಬಾರಿ. ಹುಟ್ಟಿದ ಒಂದು ತಿಂಗಳೊಳಗೆ ಕಿವಿಯ ತಪಾಸಣೆ, ಮೂರರೊಳಗೆ ಖಚಿತ ಪರೀಕ್ಷೆ, ಆರರೊಳಗೆ ಆರೈಕೆ ಶುರು: ಲೋಕದೆಲ್ಲೆಡೆ ಒಪ್ಪಿದ ಲೆಕ್ಕ ಇದು. ಆಪರೇಷನ್ನಿನ ಖರ್ಚಿಗೆ ಕೇಂದ್ರದ ಅಡಿಪ್ ಯೋಜನೆ, ರಾಜ್ಯದ ಶ್ರವಣ ಸಂಜೀವಿನಿ ಇವೆ. ಎರಡರಲ್ಲೂ ಈ ನೆರವು ಎಳೆಯ ಮಕ್ಕಳಿಗೇ ಮೀಸಲು.

ಕೇಳದ ಮಗುವಿಗೆ ಬುದ್ಧಿ ಕಡಿಮೆ ಎಂಬ ಮಾತು ನಮ್ಮಲ್ಲಿ ಇನ್ನೂ ಉಳಿದಿದೆ. ಸುಳ್ಳು. ನಿಜವಾಗಿ ತಪ್ಪಿಹೋಗುವುದು ಬೇರೆ. ಜಗಲಿಯಲ್ಲಿ ಹಿರಿಯರು ಅಡಿಕೆ ಸುಲಿಯುತ್ತ ಆಡುವ ಮಾತು ಪಕ್ಕದಲ್ಲಿ ಆಡುವ ಮಗುವಿನ ಕಿವಿಗೂ ಬೀಳುತ್ತದೆ. ‘ಅವನಿಗೆ ಗೊತ್ತಿಲ್ಲ’, ‘ಅವಳು ಹಾಗೆ ಅಂದುಕೊಂಡಳು’ – ಇನ್ನೊಬ್ಬರ ಮನಸ್ಸಿನಲ್ಲಿ ಬೇರೆಯದೇ ಇರಬಹುದು ಎಂಬ ತಿಳಿವು ಮೂಡುವುದು ಇಂಥ ಮಾತುಗಳಿಂದ. ಸೈಗೆ ಭಾಷೆ ಬಾರದ ಮನೆಗಳಲ್ಲಿ ಬೆಳೆದ ಕಿವುಡು ಮಕ್ಕಳಲ್ಲಿ ಈ ತಿಳಿವು ತಡವಾಗುವುದನ್ನು ಸಂಶೋಧಕರಾದ ಪೀಟರ್ಸನ್ ಮತ್ತು ಸೀಗಲ್ 1995ರಲ್ಲಿ ತೋರಿಸಿದರು. ಆದರೆ ತಂದೆತಾಯಿಯರೂ ಕಿವುಡರಾಗಿದ್ದು, ಹುಟ್ಟಿದಂದಿನಿಂದ ಸೈಗೆ ಭಾಷೆ ಕಂಡ ಮಕ್ಕಳಲ್ಲಿ ಅಂಥ ತಡ ಕಾಣದು. ಕೊರತೆ ಇದ್ದದ್ದು ಕಿವಿಯದ್ದಲ್ಲ, ಭಾಷೆಯದ್ದು. ಹಾಗಾಗಿ ಆಪರೇಷನ್ನಿಗೆ ಕಾಯುವ ತಿಂಗಳುಗಳಲ್ಲಿ ಸೈಗೆಯನ್ನು ಶತ್ರುವಿನಂತೆ ಕಾಣುವುದು ನನಗೆ ಸರಿ ಕಾಣುವುದಿಲ್ಲ.

ಇನ್ನು ನಮ್ಮ ಪುತ್ತೂರಿನಂಥ ಊರಿನ ಮನೆಗಳ ಪ್ರಶ್ನೆ: ಮಗುವಿಗೆ ಯಾವ ಭಾಷೆ? ಒಂದು ಮನೆಯಲ್ಲಿ ತುಳು, ಪಕ್ಕದಲ್ಲಿ ಹವ್ಯಕ ಕನ್ನಡ, ಆಚೆ ಬ್ಯಾರಿ ಭಾಷೆ, ಸುಳ್ಯದ ಕಡೆ ಹೋದರೆ ಅರೆಭಾಷೆ. ಅಂಗನವಾಡಿಯಲ್ಲಿ ಕನ್ನಡ. ಇಂಪ್ಲಾಂಟ್ ಆದ ಮಗುವಿಗೆ ಒಂದೇ ಭಾಷೆ ಸಾಕು ಎಂಬ ಸಲಹೆ ಹಿಂದೆ ಸಾಮಾನ್ಯವಾಗಿತ್ತು. ಆಗ ತಾಯಿ ತನ್ನ ತುಳುವನ್ನು ಬದಿಗಿಟ್ಟು ಪುಸ್ತಕದ ಕನ್ನಡಕ್ಕೆ ತಿರುಗುತ್ತಾಳೆ. ‘ಇದು ಬೆಕ್ಕು, ಇದು ಚೆಂಡು’ ಎಂಬಲ್ಲಿಗೆ ಅವಳ ಮಾತು ಮುಗಿಯುತ್ತದೆ. ಗದರಿಕೆ, ತಮಾಷೆ, ಕತೆ ಎಲ್ಲ ತುಳುವಿನಲ್ಲೇ ಉಳಿದುಹೋಗುತ್ತವೆ, ಅಜ್ಜಿಯೂ ಸುಮ್ಮನಾಗುತ್ತಾರೆ. ಅಮೆರಿಕದಲ್ಲಿ ಮನೆಯಲ್ಲಿ ಸ್ಪ್ಯಾನಿಷ್ ಆಡುವ ಇಂಥ ಮಕ್ಕಳನ್ನು ನೋಡಿದಾಗ, ಎರಡೂ ಭಾಷೆಗೆ ಬೆಂಬಲ ಸಿಕ್ಕವರು ಇಂಗ್ಲಿಷಿನಲ್ಲಿ ಒಂದೇ ಭಾಷೆಯವರಿಗಿಂತ ಹಿಂದೆ ಬಿದ್ದಿರಲಿಲ್ಲ. ಮನೆಯವರಿಗೆ ಯಾವ ಭಾಷೆಯಲ್ಲಿ ತಡವರಿಸದೆ ಮಾತು ಬರುತ್ತದೋ ಅದೇ ಮಗುವಿಗೂ ಮೊದಲ ಭಾಷೆಯಾಗಲಿ ಎಂಬುದು ನನ್ನ ಅಭಿಪ್ರಾಯ; ಕನ್ನಡ ಹಿಂದಿನಿಂದ ಬರುತ್ತದೆ, ಈ ಊರಿನ ಎಲ್ಲ ಮಕ್ಕಳಿಗೂ ಬಂದ ಹಾಗೆ.

ಕೊನೆಗೆ ದಿನನಿತ್ಯದ ಕೆಲವು ಮಾತು. ಮಳೆಗಾಲದಲ್ಲಿ ಯಂತ್ರಕ್ಕೆ ತೇವ ಹಿಡಿಯದಂತೆ ರಾತ್ರಿ ಅದನ್ನು ಡ್ರೈ ಬಾಕ್ಸಿನಲ್ಲಿಡಿ. ಹಗಲಲ್ಲಿ ಮಗು ಎಚ್ಚರವಿರುವಷ್ಟು ಹೊತ್ತೂ ಅದು ಕಿವಿಯ ಮೇಲಿರಲಿ. ಸ್ಪೀಚ್ ತೆರಪಿಗೆ ಹೋಗುವಾಗ ಮಗು ಮನೆಯಲ್ಲಿ ಗುರುತಿಸುವ, ಆಡುವ ಪದಗಳನ್ನು ಬರೆದುಕೊಂಡು ಹೋಗಿ, ‘ಪುಚ್ಚೆ’, ‘ಬರ್ಸ’ದಂಥ ತುಳು ಪದಗಳಿದ್ದರೆ ಅವನ್ನೂ ಸೇರಿಸಿ. ಬೆಕ್ಕು, ಮಳೆ ಎಂಬ ಕನ್ನಡ ಪದಗಳನ್ನಷ್ಟೇ ಎಣಿಸಿದರೆ, ಮಗುವಿಗೆ ಇರುವುದಕ್ಕಿಂತ ಕಡಿಮೆ ಮಾತು ಬರುತ್ತದೆಂದು ಕಾಗದದ ಮೇಲೆ ದಾಖಲಾಗುತ್ತದೆ.